ಬಾಯಿ ಮುಚ್ಚಿಸಿದ ಫೋಟೋ

ನಾನು ಪೆನ್‌ಡ್ರೈವ್‌ನಲ್ಲಿ ಕೊಟ್ಟಾಗ ಆ ಹುಡುಗನ ಬಾಯಿ ತೆರೆದೇ ಇತ್ತು. ಕೆಳತುಟಿ ಜೋತುಬಿದ್ದು, ಒಂದು ಕಣ್ಣು ಮೂಗಿನ ಕಡೆ ಹೊರಳಿ, ತಲೆ ಎಡಕ್ಕೆ ವಾಲಿತ್ತು. ಕ್ಯಾಮೆರಾದ ಹಿಂದೆ ಯಾರೋ ನಿಂತು ನಗಿಸಿರಬೇಕು, ಇಡೀ ಮುಖದಿಂದ ನಗುತ್ತಿದ್ದ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಫ್ಲೆಕ್ಸ್ ಅಂಗಡಿಗೆ ಪ್ರೂಫ್ ನೋಡಲು ಹೋದೆ. ಅವನ ಬಾಯಿ ಮುಚ್ಚಿಕೊಂಡಿತ್ತು. ಎರಡೂ ಕಣ್ಣು ನೇರವಾಗಿದ್ದವು, ಕೆನ್ನೆ ಬೆಣ್ಣೆಯ ಹಾಗೆ ನುಣ್ಣಗಾಗಿತ್ತು. ಕುತ್ತಿಗೆಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಅಕ್ಕಪಕ್ಕದಲ್ಲಿ ಎರಡು ದೀಪ ಉರಿಯುತ್ತಿದ್ದವು.

ಆ ಹುಡುಗ ಜರ್ಮನಿಯವನು. ಹಿಟ್ಲರನ ಕಾಲದಲ್ಲಿ ನಾಜಿ ಡಾಕ್ಟರುಗಳು ಅವನನ್ನು ಆಸ್ಪತ್ರೆಯಲ್ಲೇ ಕೊಂದಿದ್ದರು. ಅಂಗವಿಕಲ ಎಂಬುದೊಂದೇ ಕಾರಣ. ಈಗ ನಮ್ಮೂರಿನ ಡಿಸೈನರ್ ಅವನ ಅಂಗವೈಕಲ್ಯವನ್ನು ಒರೆಸಿ ಹಾಕಿ, ಮೇಲೊಂದು ಹಾರ ಹಾಕಿದ್ದ.

"ಏನಪ್ಪಾ ಇದು?" ಎಂದೆ.

"ಟಚಪ್ ಮೇಡಂ. ಪಾಪ, ಸತ್ತಿರೋ ಮಕ್ಳು ಅಂದ್ರಲ್ಲ, ಚೆನ್ನಾಗಿ ಕಾಣ್ಲಿ ಅಂತ." ಅವನ ಮುಖದಲ್ಲಿ ಹೆಮ್ಮೆ ಇತ್ತು. "ಎಲ್ಲಾ ಮಕ್ಳಿಗೂ ಮಾಡ್ಬಿಟ್ಟಿದೀನಿ ನೋಡಿ."

ಮಾಡಿದ್ದ. ಪ್ರದರ್ಶನದ ಒಂದೊಂದೇ ಹಲಗೆಯನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದ. ದೊಡ್ಡ ತಲೆಯ ಮಗುವಿನ ತಲೆ ಚಿಕ್ಕದಾಗಿತ್ತು. ಸೀಳುತುಟಿಯ ಹೆಣ್ಣುಮಗುವಿನ ತುಟಿ ಕೂಡಿಕೊಂಡಿತ್ತು. ನನಗೆ ಮೈಯೆಲ್ಲ ಉರಿಯಿತು. ನಿಂತಲ್ಲೇ ಅವನಿಗೆ ಎರಡು ಬಾರಿಸಬೇಕು ಅನ್ನಿಸಿದ್ದು ಸುಳ್ಳಲ್ಲ.

ನಾನು ಕೆಲಸ ಮಾಡುವುದು ಚಿಕ್ಕಬಳ್ಳಾಪುರದ ಒಂದು ಹಗಲು ಶಾಲೆಯಲ್ಲಿ. ನಡೆಯಲಾಗದ, ಮಾತು ಬಾರದ, ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳು ಅಲ್ಲಿಗೆ ಬರುತ್ತಾರೆ. ಕೂರುವುದು, ತುತ್ತು ನುಂಗುವುದು, ಬೇಕು ಬೇಡ ಹೇಳುವುದು ಕಲಿಸುತ್ತೇವೆ. ನಾಜಿಗಳು ಕೊಂದ ಅಂಗವಿಕಲ ಮಕ್ಕಳ ಬಗ್ಗೆ ಜರ್ಮನಿಯಲ್ಲಿ ತಯಾರಾದ ಫೋಟೋ ಪ್ರದರ್ಶನವೊಂದು ಬೆಂಗಳೂರಿನ ಒಂದು ಸಂಸ್ಥೆಗೆ ಬಂದಿತ್ತು. ಅದನ್ನು ಕನ್ನಡಕ್ಕೆ ತಂದು, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಕೊನೆಗೆ ಶಿಡ್ಲಘಟ್ಟದಲ್ಲಿ ನಿಲ್ಲಿಸಿಕೊಡಿ ಎಂದು ಅವರು ಕೇಳಿದರು. ನೋಡಬೇಕಾದವರು ಮುಖ್ಯವಾಗಿ ಇಂಥ ಮಕ್ಕಳ ಅಪ್ಪ ಅಮ್ಮಂದಿರು. ಷರತ್ತು ಒಂದೇ. ಅಲ್ಲಿನ ಕುಟುಂಬಗಳು ಒಪ್ಪಿ ಕೊಟ್ಟ ಫೋಟೋಗಳಿವು, ಒಂದು ಗೆರೆಯೂ ಬದಲಾಗಕೂಡದು, ಹೊಸದೇನೂ ಸೇರಕೂಡದು.

ಅನುವಾದಕ್ಕೆ ಕೂತ ಮೊದಲ ದಿನವೇ ನನ್ನ ಊಹೆ ಸುಳ್ಳಾಯಿತು. ಗುಂಡು, ಬಂದೂಕು, ಮುಳ್ಳುತಂತಿ ಇರುತ್ತದೆ ಎಂದುಕೊಂಡಿದ್ದೆ. ಅದೇನೂ ಇಲ್ಲ. ಬಿಳಿ ಕೋಟು, ಶುಭ್ರವಾದ ಹಾಸಿಗೆ, ಕಿಟಕಿಗೆ ಪರದೆ. ಕುಂದಿರುವ ಮಗು ಹುಟ್ಟಿದರೆ ಸೂಲಗಿತ್ತಿಯೂ ಡಾಕ್ಟರೂ ಸರ್ಕಾರಕ್ಕೆ ತಿಳಿಸಬೇಕಿತ್ತು. ಎಲ್ಲೋ ಕೂತ ಮೂವರು ದೊಡ್ಡ ಡಾಕ್ಟರುಗಳು, ಮಗುವಿನ ಮುಖ ಕೂಡ ನೋಡದೆ, ಕಾಗದದ ಮೇಲೆ ಒಂದು ಗುರುತು ಹಾಕುತ್ತಿದ್ದರು. ಕೂಡುವ ಗುರುತಾದರೆ ಸಾವು, ಕಳೆಯುವ ಗುರುತಾದರೆ ಬದುಕು. ಆಮೇಲೆ ಅಪ್ಪ ಅಮ್ಮನಿಗೆ 'ಮಕ್ಕಳಿಗಾಗಿಯೇ ವಿಶೇಷ ವಾರ್ಡಿದೆ, ಹೊಸ ಚಿಕಿತ್ಸೆ ಬಂದಿದೆ' ಎಂಬ ಸವಿಮಾತು. ಅಲ್ಲಿ ಮಗುವಿಗೆ ನಿದ್ದೆಯ ಔಷಧವನ್ನು ಮಿತಿಮೀರಿ ಕೊಡುತ್ತಿದ್ದರು, ಇಲ್ಲವೇ ಅನ್ನವಿಲ್ಲದೆ ಒಣಗಿಸುತ್ತಿದ್ದರು. ಮನೆಗೆ ಮಾತ್ರ ನಿಮೋನಿಯಾದಿಂದ ತೀರಿಕೊಂಡಿತು ಎಂದು ಕಾಗದ ಹೋಗುತ್ತಿತ್ತು.

ಇದಕ್ಕೆಲ್ಲ ಅವರು ದಯೆ ಎಂದು ಹೆಸರಿಟ್ಟಿದ್ದರು. ದಿನಾ ಮಕ್ಕಳ ಜೊಲ್ಲು ಒರೆಸುವ ಕೈ ನನ್ನದು, ಅದೇ ಕೈಯಲ್ಲಿ ಆ ಪದ ಬರೆಯುವುದಕ್ಕೆ ಹೇಸಿಗೆಯಾಯಿತು. ನನ್ನ ವಾಕ್ಯಗಳಲ್ಲೆಲ್ಲ ಕೊಂದರು ಎಂದೇ ಬರೆದೆ.

ಅದಕ್ಕಿಂತ ಹೇಸಿಗೆ ಹುಟ್ಟಿಸಿದ್ದು ಕುಟುಂಬಗಳ ಹಲಗೆಗಳು. ಮಗುವನ್ನು ವಾಪಸು ತರಲು ರೈಲು ಹತ್ತಿ ಹೋಗಿ ಬಾಗಿಲಲ್ಲಿ ಕಾದ ತಾಯಂದಿರಿದ್ದರು. ಅನುಮಾನ ಬಂದರೂ ಬಾಯಿ ಬಿಡದವರಿದ್ದರು. 'ಕರೆದುಕೊಂಡು ಹೋಗಿ, ನಮಗೆ ಸಾಕಾಗಿದೆ' ಎಂದು ತಾವೇ ಕೇಳಿಕೊಂಡವರೂ ಇದ್ದರು. ಯುದ್ಧ ಮುಗಿದ ಮೇಲೂ ಎಷ್ಟೋ ಮನೆಗಳಲ್ಲಿ ಆ ಮಗುವಿನ ಹೆಸರನ್ನು ಯಾರೂ ಎತ್ತಲಿಲ್ಲ. ತಮ್ಮ ತಂಗಿಯರು ತಮಗೊಬ್ಬ ಅಣ್ಣನಿದ್ದ ಎಂದು ಗೊತ್ತಿಲ್ಲದೆಯೇ ಮುದುಕರಾದರು. ಒಂದು ಮನೆಯ ಗುಂಪು ಫೋಟೋದಲ್ಲಿ ಮಗು ಇದ್ದ ಜಾಗವನ್ನು ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು. ಉಳಿದಿದ್ದು ಅಮ್ಮನ ಕೈ ಮಾತ್ರ, ಅದು ಗಾಳಿಯಲ್ಲಿ ಏನನ್ನೋ ಹಿಡಿದುಕೊಂಡಿತ್ತು. ಆ ಹಲಗೆಯ ಮುಂದೆ ನಾನು ತುಂಬಾ ಹೊತ್ತು ಕೂತಿದ್ದೆ.

ಇನ್ನು ಅಚ್ಚಿನ ಪಾಡು. ನಾನು ಯೂನಿಕೋಡ್‌ನಲ್ಲಿ ಟೈಪು ಮಾಡಿದ್ದು ಡಿಸೈನರ್‌ನ ಹಳೆಯ ಸಾಫ್ಟ್‌ವೇರಿಗೆ ಹೋದ ಕೂಡಲೇ ಒತ್ತಕ್ಷರಗಳೆಲ್ಲ ಒಡೆದು ದಿಕ್ಕಾಪಾಲಾದವು. ಒಂದೊಂದು ಹಲಗೆಯನ್ನೂ ಹಳೆಯ ಫಾಂಟಿಗೆ ಬದಲಾಯಿಸಿ ಮತ್ತೆ ತಿದ್ದಬೇಕಾಯಿತು. ಹೊಳೆಯುವ ಲ್ಯಾಮಿನೇಷನ್ ಬೇಡ, ಟ್ಯೂಬ್‌ಲೈಟು ಬಿದ್ದರೆ ಮುಖ ಕಾಣುವುದಿಲ್ಲ, ಮ್ಯಾಟ್ ಹಾಕಿ ಎಂದೆ. ನಿಧಾನವಾಗಿ ಓದುವ ಅಮ್ಮಂದಿರಿಗಾಗಿ ಅಕ್ಷರ ದಪ್ಪ ಇರಲಿ ಎಂದೆ. ಗಾಲಿಕುರ್ಚಿಯಲ್ಲಿ ಬರುವ ಮಕ್ಕಳಿಗೂ ಕಾಣುವ ಹಾಗೆ ಸ್ಟ್ಯಾಂಡಿನ ಎತ್ತರ ಇಳಿಸಿ ಎಂದೆ. ಎಲ್ಲಾ ಹೇಳಿದ್ದೆ, 'ಮುಖ ತಿದ್ದಬೇಡ' ಎನ್ನುವುದೊಂದನ್ನು ಬಿಟ್ಟು. ಅದನ್ನು ಹೇಳಬೇಕಾಗುತ್ತದೆ ಎಂದು ಯಾರಿಗೆ ಹೊಳೆಯುತ್ತದೆ?

"ಮೇಡಂ, ನೀವು ಬೈಯೋದು ಬೈರಿ," ಎಂದ ಡಿಸೈನರ್. "ಈ ಲೈನಲ್ಲಿ ಮುಖ ಹಂಗೇ ಪ್ರಿಂಟ್ ಹಾಕಿದ್ರೆ ಯಾರೂ ಒಪ್ಪಲ್ಲ. ಲೀಡರ್‌ಗಳಿಗೆ ಕೂದಲು ಹಾಕ್ತೀನಿ, ಅಜ್ಜಿಗಳಿಗೆ ಹಲ್ಲು ಹಾಕ್ತೀನಿ. ತೀರ್ಕೊಂಡೋರ ಫೋಟೋ ಬಂದ್ರೆ ಕೈ ತಾನೇ ಹಾರಕ್ಕೆ ಹೋಗುತ್ತೆ."

"ಇವರ ಮುಖ ಹೀಗಿದೆ ಅಂತಾನೇ ಕೊಂದಿದ್ದು ಕಣಪ್ಪ. ನೀನೂ ಅದನ್ನೇ ತೆಗೆದುಬಿಟ್ರೆ ಇವರದು ಅಂತ ಏನು ಉಳೀತು?"

ಅವನು ತಲೆ ಕೆರೆದುಕೊಂಡ. ನನ್ನ ಮಾತು ಹಿಡಿಸಿರಲಿಲ್ಲ. "ಮನೆಯೋರಿಗೆ ಖುಷಿ ಆಗುತ್ತೆ ಮೇಡಂ. ಹೋದ ಸಲ ಮೇಲೂರಿಂದ ಒಂದು ಹೆಣ್ಣುಮಗುದು ಬಂದಿತ್ತು. ಥೇಟ್ ಇದೇ ಥರ. ಎಷ್ಟು ಚೆನ್ನಾಗಿ ಮಾಡ್ಕೊಟ್ಟೆ ಗೊತ್ತಾ?" ಎನ್ನುತ್ತ ಇನ್ನೊಂದು ಫೈಲು ತೆರೆದ.

ರೇಷ್ಮೆ ಲಂಗ ತೊಟ್ಟ, ಎರಡು ಜಡೆ ಹಾಕಿದ, ಕ್ಯಾಮೆರಾವನ್ನೇ ನೆಟ್ಟಗೆ ನೋಡುತ್ತಿದ್ದ ಹುಡುಗಿ. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ. ಯಾರ ಮಗುವೋ ಎಂದುಕೊಂಡು ಕೆಳಗಿನ ಹೆಸರು ಓದಿದೆ. ಈ ಮಗುವನ್ನು ನಾನು ಸೊಂಟದ ಮೇಲೆ ಹೊತ್ತಿದ್ದೆ. ನಮ್ಮ ಶಾಲೆಗೆ ಬರುತ್ತಿದ್ದವಳು. ಕೂರಲು ಬರುತ್ತಿರಲಿಲ್ಲ, ಮಾಲುಗಣ್ಣು, ಬಾಯಿ ಯಾವಾಗಲೂ ತೆರೆದೇ ಇರುತ್ತಿತ್ತು. ಕುತ್ತಿಗೆಗೆ ಅವಳಮ್ಮ ಹಳೆಯ ಟವೆಲಿನಿಂದ ಹೊಲಿದ ನೀಲಿ ಚೌಕುಳಿಯ ಜೊಲ್ಲುಬಟ್ಟೆ. ಬಸ್ಸಿನ ಹಾರನ್ ಕೇಳಿದರೆ ಕಿಲಕಿಲ ನಗುತ್ತಿದ್ದಳು. ಬರುವುದು ನಿಲ್ಲಿಸಿದ ಮೇಲೆ ಆ ಮನೆಯ ಫೋನು ಸ್ವಿಚಾಫ್ ಆಗಿತ್ತು. ಅವಳು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಈ ಫ್ಲೆಕ್ಸ್ ಅಂಗಡಿಯಲ್ಲಿ.

ಜರ್ಮನಿಯ ಮಕ್ಕಳ ಮುಖಗಳನ್ನೆಲ್ಲ ಮೂಲದಲ್ಲಿದ್ದ ಹಾಗೇ ಹಾಕಿಸಿ, ಎದುರಿಗೇ ನಿಂತು ಪ್ರಿಂಟು ತೆಗೆಸಿ, ಹಲಗೆಗಳನ್ನು ಗೌರಿಬಿದನೂರಿಗೆ ಸಾಗಿಸಿದೆವು. ಅಲ್ಲಿ ಬಂದವರು ಹಿಟ್ಲರನಿಗೆ ಧಾರಾಳವಾಗಿ ಶಾಪ ಹಾಕಿದರು. ಅದಕ್ಕೇನು, ಸತ್ತ ಹಿಟ್ಲರನನ್ನು ಬೈದರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಒಬ್ಬ ನಿವೃತ್ತ ಹೆಡ್‌ಮಾಸ್ಟರು ಎಲ್ಲ ಹಲಗೆಗಳನ್ನೂ ಕನ್ನಡಕ ಏರಿಸಿ ಇಳಿಸಿ ಓದಿದರು. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಅವನು ಮಾಡಿದ್ದು ತಪ್ಪೇ ಕಣಮ್ಮ. ಆದ್ರೂ ಒಂದು ಲೆಕ್ಕದಲ್ಲಿ ಆ ಮಕ್ಳಿಗೆ ಮುಕ್ತಿ ಸಿಕ್ಕಂಗೇ ಅಲ್ವಾ? ಇದ್ದು ಏನು ಸುಖ ಹೇಳು."

ಅವರ ಪಕ್ಕದಲ್ಲೇ ನಮ್ಮ ಶಾಲೆಯ ಒಬ್ಬ ಹುಡುಗ ಗಾಲಿಕುರ್ಚಿಯಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಳ್ಳುವ ಹುಡುಗ, ಉತ್ತರ ಕೊಡಲು ಮಾತು ಬಾರದು ಅಷ್ಟೇ. "ಸುಖ ನೋಡಿ ಸಾರ್, ಅಲ್ಲೇ ತಿಂತಾ ಇದಾನೆ," ಎಂದೆ. ಅವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಹಾಗೆ ಹೇಳಿದವರು ಅವರೊಬ್ಬರೇ ಆಗಿದ್ದರೆ ಮರೆತುಬಿಡುತ್ತಿದ್ದೆ. ನಾಲ್ಕು ಜನ ಬಂದರೆ ಅದರಲ್ಲೊಬ್ಬರು ಅದೇ ಮಾತು. ಕೊನೆಕೊನೆಗೆ ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗುತ್ತಿತ್ತು, ಮೊದಲು ಒಂದು ನಿಟ್ಟುಸಿರು ಬಿಡುತ್ತಿದ್ದರು.

ಚಿಕ್ಕಬಳ್ಳಾಪುರದ ಪ್ರದರ್ಶನಕ್ಕೆ ಮೊದಲು ಬಿಡುವು ಮಾಡಿಕೊಂಡು ಮೇಲೂರಿಗೆ ಹೋದೆ. ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಮನೆ, ಹಿಂದೆ ರೇಷ್ಮೆಹುಳು ಸಾಕುವ ಉದ್ದನೆಯ ಹುಳುಮನೆ. ಜಗುಲಿಯಲ್ಲಿ ಮಗುವಿನ ತಾತ ಕೂತಿದ್ದರು. ಬಿಳಿ ಪಂಚೆ, ಊರಲ್ಲಿ ಮಾತು ನಡೆಯುವ ಹಿರಿಯರು. ನನ್ನ ಗುರುತು ಹಿಡಿದು, ಆದರದಿಂದ ಕಾಫಿ ತರಿಸಿದರು.

"ಶಿಡ್ಲಘಟ್ಟದಲ್ಲಿ ನಿಮ್ಮ ಪ್ರೋಗ್ರಾಮಿಗೆ ಹಾಲ್ ಕೊಡ್ಸಿರೋದು ನಾನೇ ಕಣಮ್ಮ," ಎಂದರು. "ಬೆಂಗಳೂರಿನೋರು ಫೋನ್ ಮಾಡಿದ್ರು. ಕಮಿಟೀಲಿ ನಮ್ ಮಾತು ನಡೆಯುತ್ತೆ. ದೀಪ ಹಚ್ಚಕ್ಕೂ ನನ್ನೇ ಕರ್ದಿದಾರೆ."

ಒಳಗೆ ನಡುಮನೆಯಲ್ಲಿ, ಅವರ ಮಂಚಕ್ಕೆ ಎದುರಾಗಿ, ರೇಷ್ಮೆ ಲಂಗದ ಆ ಹುಡುಗಿಯ ಫೋಟೋ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಮಗುವಿನ ತಾಯಿ ನನ್ನನ್ನು ಹುಳುಮನೆಯ ಕಡೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ಸುಣ್ಣದ ಪುಡಿ ತುಳಿಸಿಯೇ ಒಳಗೆ ಬಿಟ್ಟಳು. ರೋಗ ಹೊತ್ತು ತರಬಾರದಲ್ಲ. ಹುಳುಗಳು ಸೊಪ್ಪು ಮೇಯುವ ಸದ್ದು ಒಂದೇ ಸಮನೆ ಬರುತ್ತಿತ್ತು.

"ಆ ಫೋಟೋ ನೋಡಿದ್ರಾಕ್ಕಾ? ಅದು ನನ್ ಮಗು ಅಲ್ಲ," ಎಂದಳು. "ದಿನಾ ಬೆಳಿಗ್ಗೆ ಎದ್ದು ಯಾರ್ದೋ ಮಗೂಗೆ ಹೂ ಇಡ್ತೀನಿ. ನನ್ ಫೋನಲ್ಲಿರೋದ್ನೆಲ್ಲ ಮನೆಯೋರು ಅಳಿಸಾಕಿದ್ರು, ನೋಡ್ಕೊಂಡು ಅಳ್ತಾ ಕೂತಿರ್ತಾಳೆ ಅಂತ. ಈಗ ಅವಳ ಮುಖಾನೇ ಮರ್ತೋಗ್ತಿದೆ ಕಣಕ್ಕಾ. ಕಣ್ಣು ಮುಚ್ಚಿದ್ರೆ ಗೋಡೆ ಮೇಲಿರೋಳೇ ಬರ್ತಾಳೆ."

ಏನಾಗಿತ್ತು ಎಂದು ಕೇಳಿದೆ. ಅವಳು ಸೊಪ್ಪು ಹರಡುತ್ತಲೇ ಹೇಳಿದಳು, ಕೈ ಒಮ್ಮೆಯೂ ನಿಲ್ಲಲಿಲ್ಲ.

"ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು. ಮನೆಮಂದಿಯೆಲ್ಲ ಹುಳ ಆರಿಸಿ ಬಿದಿರಿನ ಚಂದ್ರಿಕೆಗೆ ಏರಿಸ್ತಿದ್ವಿ. ಮಗು ಮೈ ಕೆಂಡ ಆಗಿತ್ತು, ಉಸಿರು ಗೊರಗೊರ ಅಂತಿತ್ತು. ಆಸ್ಪತ್ರೆಗೆ ಹೋಗಣ ಅಂದೆ. ಮಾವ ಅಂದ್ರು, ಹುಳ ಏರಿಸ್ಬಿಡಣ, ಆಮೇಲೆ ಆಸ್ಪತ್ರೆ ಅಂತ. ಮಾರನೇ ದಿನಾನೂ ಅದೇ. ಅದ್ರ ಹಿಂದಿನ ಬೆಳೇಲಿ ಹುಳಕ್ಕೆ ಹಾಲುತೊಂಡೆ ರೋಗ ಬಂತು ನೋಡಿ, ಇದೇ ಮಾವ ಉಣ್ತಾ ಕೂತೋರು ಕೈ ತೊಳ್ಕೊಂಡು ಗಾಡಿ ತಗೊಂಡು ಹೋಗಿ ಔಷಧಿ ತಂದಿದ್ರು. ಶಿಡ್ಲಘಟ್ಟದಿಂದ ಆಫೀಸರನ್ನೂ ಕರ್ಕೊಂಡ್ಬಂದಿದ್ರು. ಹುಳಕ್ಕೆ."

ಖಾಲಿಯಾದ ಬುಟ್ಟಿ ಬದಿಗೆ ತಳ್ಳಿ, ಸೊಪ್ಪಿನ ಇನ್ನೊಂದು ಬುಟ್ಟಿ ಎಳೆದುಕೊಂಡಳು.

"ಮಣ್ಣು ಮಾಡಿ ಬಂದ್ವಿ. ಬಂದೋರೆಲ್ಲ ಒಂದೇ ಮಾತು. ಒಳ್ಳೇದೇ ಆಯ್ತು ಬಿಡಮ್ಮ, ಅದಕ್ಕೂ ಬಿಡುಗಡೆ ನಿಂಗೂ ಬಿಡುಗಡೆ ಅಂತ. ಯಾಕೆ ಆಸ್ಪತ್ರೆಗೆ ಸೇರಿಸ್ಲಿಲ್ಲ ಅಂತ ಒಬ್ರಾದ್ರೂ ಕೇಳ್ಬೇಕಿತ್ತಲ್ವಾ? ನನ್ನಾದ್ರೂ ಬೈಬೇಕಿತ್ತು."

ಬಿಸಿಯಾದ, ಸೊಪ್ಪಿನ ಹಸಿ ವಾಸನೆಯ ಆ ಕೋಣೆಯಲ್ಲಿ ನನಗೆ ವಾಕರಿಕೆ ಬಂತು. ಹುಳುಗಳಿಂದಲ್ಲ. ಜಗುಲಿಯಲ್ಲಿ ಕುಡಿದ ಕಾಫಿ ಗಂಟಲಿಗೆ ಬಂದು ನಿಂತಿತ್ತು. ಅವಳು ಕೇಳಿದ್ದು ಒಂದೇ. "ಅವಳ ನಿಜವಾದ ಫೋಟೋ ಎಲ್ಲಾದ್ರೂ ಸಿಗುತ್ತಾ ನೋಡ್ತೀರಾ? ಆ ಫ್ಲೆಕ್ಸ್ ಅಂಗಡೀಗೆ ಕಳ್ಸಿದ್ರಲ್ಲ, ಅಲ್ಲಿರುತ್ತಾ?" ನೋಡುತ್ತೇನೆ ಎಂದೆ. ನಮ್ಮ ಶಾಲೆಯಲ್ಲಿ ಹುಡುಕಿದರೆ ವಾರ್ಷಿಕೋತ್ಸವದ ಗುಂಪು ಫೋಟೋ ಸಿಕ್ಕಿತು, ಅದರಲ್ಲಿ ಅವಳು ಬೇರೆ ಕಡೆ ತಿರುಗಿದ್ದಳು. ಕಂಡಿದ್ದು ಜುಟ್ಟು ಮಾತ್ರ.

ಚಿಕ್ಕಬಳ್ಳಾಪುರ ಮುಗಿಸಿ ಚಿಂತಾಮಣಿಗೆ ಹೋದೆವು. ಅಲ್ಲಿ ಬಂದವರಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು ಆಡುವವರು. ಕತ್ತರಿಸಿದ ಫೋಟೋದ ಹಲಗೆಯನ್ನು ನಾನು ಓದಿ ಹೇಳಿದಾಗ ಒಬ್ಬ ಅಜ್ಜಿ ಆ ಕೈಯ ಮೇಲೆ ಬೆರಳಿಟ್ಟು, "ತಲ್ಲಿ ಚೆಯ್ಯಿ ವದಲ್ಲೇದು ಚೂಡು," ಎಂದರು. ತಾಯಿ ಕೈ ಬಿಟ್ಟಿಲ್ಲ ನೋಡು ಎಂದು. ಇಡೀ ಪ್ರದರ್ಶನದಲ್ಲಿ ನಿಟ್ಟುಸಿರಿಲ್ಲದೆ ಬಂದ ಮಾತು ಅದೊಂದೇ.

ಚಿಂತಾಮಣಿಯಿಂದ ಬಂದವಳೇ ಫ್ಲೆಕ್ಸ್ ಅಂಗಡಿಗೆ ಹೋದೆ. ಮೇಲೂರಿನ ಫೋಟೋದ ಮೂಲ ಬೇಕು ಎಂದಾಗ ಡಿಸೈನರ್ ಕೈ ಚೆಲ್ಲಿದ. ವಾಟ್ಸಾಪಿನಲ್ಲಿ ಬಂದಿದ್ದು, ಫೋನು ತುಂಬಿ ಎಲ್ಲ ಅಳಿಸಿಬಿಟ್ಟಿದ್ದೇನೆ ಎಂದ. ಕಂಪ್ಯೂಟರಿನಲ್ಲಿದ್ದದ್ದು ಮೆಷಿನ್ನಿಗೆ ಕಳಿಸಿದ ಫೈಲು, ಎಲ್ಲವೂ ಒಂದೇ ಪದರವಾಗಿ ಅಂಟಿಹೋದದ್ದು. ಅದರಿಂದ ಹಳೆಯ ಮುಖ ಬಿಡಿಸುವುದು ಆಗದ ಮಾತು, ರುಬ್ಬಿದ ಹಿಟ್ಟಿನಿಂದ ಅಕ್ಕಿ ಆರಿಸಿದ ಹಾಗೆ.

"ಕೆಲಸ ಮಾಡಿದ ಫೈಲು? ಪದರ ಪದರವಾಗಿ ಇರೋದು?"

"ಅದು ಹಳೇ ಹಾರ್ಡ್‌ಡಿಸ್ಕಲ್ಲಿತ್ತು ಮೇಡಂ. ಅದು ಕೆಟ್ಟೋಯ್ತು ಅಂತ ಬಿಚ್ಚಿ ಎಲ್ಲೋ ಎಸ್ದಿದೀನಿ."

ಎಸೆದದ್ದು ಮೇಜಿನ ಕೆಳಗೇ ಇತ್ತು, ಫ್ಲೆಕ್ಸ್ ಚೂರುಗಳ ಮಧ್ಯೆ. ಬೇರೆ ಕೇಬಲ್ ಹಾಕಿ ನೋಡಿದ. ಒಂದು ಸಲ ತೆರೆದುಕೊಂಡು, ಫೈಲುಗಳ ಹೆಸರು ಬರುವ ಹೊತ್ತಿಗೆ ನಿಂತುಹೋಯಿತು. ಪಕ್ಕದ ಮೊಬೈಲ್ ರಿಪೇರಿಯವನಿಂದ ಕರೆಂಟು ಸರಿಯಾಗಿ ಕೊಡುವ ಇನ್ನೊಂದು ಕೇಬಲ್ ತಂದ ಮೇಲೆ ಓಡಿತು. ಅದರಲ್ಲಿ 'ಮೇಲೂರು ಫೈನಲ್', 'ಮೇಲೂರು ಫೈನಲ್ ಹೊಸದು', 'ಮೇಲೂರು ಇದೇ ಫೈನಲ್' ಎಂದು ಸಾಲು ಸಾಲು. ಕೊನೆಯದು ತೆರೆದುಕೊಂಡಿತು. ಪದರಗಳ ಪಟ್ಟಿ ಬಂತು, ಒಂದೊಂದರ ಪಕ್ಕದಲ್ಲೂ ಒಂದು ಚಿಕ್ಕ ಕಣ್ಣಿನ ಚಿತ್ರ. ಅದನ್ನು ಒತ್ತಿದರೆ ಆ ಪದರ ಮಾಯವಾಗುತ್ತದೆ.

ದೀಪ ಹೋಯಿತು. ಹಾರ ಹೋಯಿತು. ರೇಷ್ಮೆ ಲಂಗ ಹೋಯಿತು. ಯಾರದೋ ಮಗುವಿನಿಂದ ತಂದು ಕೂರಿಸಿದ್ದ ಕಣ್ಣುಗಳು ಹೋದವು, ತುಟಿ ಹೋಯಿತು. ಕೆಳಗೆ ಅವಳಿದ್ದಳು. ಬಾಯಿ ತೆರೆದು, ಮಾಲುಗಣ್ಣು ಬಿಟ್ಟುಕೊಂಡು, ನೀಲಿ ಚೌಕುಳಿಯ ಜೊಲ್ಲುಬಟ್ಟೆ ಕಟ್ಟಿಕೊಂಡು, ಬಸ್ಸಿನ ಹಾರನ್ ಕೇಳಿದವಳ ಹಾಗೆ ನಗುತ್ತಿದ್ದಳು. ನಾನು ಅತ್ತೆ. ಅಂಗಡಿಯಲ್ಲಿ ಮದುವೆ ಬ್ಯಾನರಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು.

ಡಿಸೈನರ್ ತುಂಬಾ ಹೊತ್ತು ಪರದೆ ನೋಡಿದ. "ಮೇಡಂ, ಒಂದೇ ಒಂಚೂರು ಬ್ರೈಟ್‌ನೆಸ್ ಕೊಡ್ಲಾ?" ಎಂದ.

"ಕೈ ಮುಟ್ಟಿದ್ರೆ ನೋಡು," ಎಂದೆ. ಹಾಗೇ ಪ್ರಿಂಟು ತೆಗೆದುಕೊಟ್ಟ.

ಈ ಸುದ್ದಿ ಅವನ ಬಾಯಿಂದಲೇ ಹೋಗಿರಬೇಕು. ಮರುದಿನ ಬೆಳಿಗ್ಗೆ ಮೇಲೂರಿನ ಹಿರಿಯರ ಫೋನು ಬಂತು. ಮೊದಲಿನ ಆದರವೇನೂ ಕಡಿಮೆಯಾಗಿರಲಿಲ್ಲ.

"ನೋಡಮ್ಮ, ಆ ಫೋಟೋ ನಮ್ಮನೇಗೆ ಬರೋದು ಬೇಡ. ಚಿಕ್ಕ ಮಗನಿಗೆ ಹೆಣ್ಣು ನೋಡ್ತಿದೀವಿ. ಹೆಣ್ಣು ಕೊಡೋರು ಬಂದು ಗೋಡೆ ಮೇಲೆ ಅಂಥದ್ದು ನೋಡಿದ್ರೆ, ಇವ್ರ ವಂಶದಲ್ಲೇ ದೋಷ ಇದೆ ಅಂತ ಎದ್ದು ಹೋಗ್ತಾರೆ. ನೀವು ನಿಮ್ ಪ್ರೋಗ್ರಾಮ್ ನೋಡ್ಕೊಳ್ಳಿ, ಮನೆ ವಿಷಯಕ್ಕೆ ಬರ್ಬೇಡಿ. ಬಂದ್ರೆ ಹಾಲ್ ಬೀಗ ತೆಗೆಯಲ್ಲ."

ವಂಶದಲ್ಲಿ ದೋಷ. ಇದೇ ಮಾತನ್ನು ನಾನು ಹೋದ ತಿಂಗಳು ಕನ್ನಡಕ್ಕೆ ತಂದಿದ್ದೆ, ಬಿಳಿ ಕೋಟು ತೊಟ್ಟವರ ಬಾಯಿಂದ. ಅದನ್ನು ಬಿಳಿ ಪಂಚೆಯವರ ಬಾಯಲ್ಲಿ ಕೇಳಿ ಫೋನನ್ನು ಎತ್ತಿ ಬಿಸಾಡಬೇಕು ಅನ್ನಿಸಿತು.

ಬೆಂಗಳೂರಿಗೆ ಹೇಳಿದೆ. ಅವರು ಒಳ್ಳೆಯವರೇ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವವರು. ಆಹ್ವಾನ ಪತ್ರಿಕೆ ಹಂಚಿ ಆಗಿದೆ, ಪ್ರದರ್ಶನ ಒಂದು ಮುಗಿದುಬಿಡಲಿ, ಫೋಟೋ ಆಮೇಲೆ ಕೊಟ್ಟರಾಯಿತು ಎಂದರು. ನನಗೂ ಅದು ಸರಿಯೆನ್ನಿಸಿತು. ಶಿಡ್ಲಘಟ್ಟದ ಸುತ್ತಲಿಂದ ಎಷ್ಟೋ ಅಪ್ಪ ಅಮ್ಮಂದಿರು ಬರುವವರಿದ್ದರು. ಒಂದು ಫೋಟೋ ನಾಲ್ಕು ದಿನ ತಡವಾದರೆ ಯಾರ ಪ್ರಾಣವೂ ಹೋಗುವುದಿಲ್ಲವಲ್ಲ ಎಂದುಕೊಂಡು ಅದನ್ನು ಬೀರುವಿನಲ್ಲಿಟ್ಟೆ. ಬಾಗಿಲು ಹಾಕುವಾಗ ನನ್ನ ಕೈ ನಿಂತಿತು. ಹುಳ ಏರಿಸ್ಬಿಡಣ, ಆಮೇಲೆ ಆಸ್ಪತ್ರೆ. ಪ್ರದರ್ಶನ ಮುಗಿಸಿಬಿಡೋಣ, ಆಮೇಲೆ ಫೋಟೋ. ಆ ತಾಯಿಗೆ ಇನ್ನೊಂದು ಸಲ 'ಆಮೇಲೆ' ಎಂದು ಹೇಳುವವಳು ನಾನಾಗುತ್ತಿದ್ದೆ. ಅದೂ ಅವಳ ಮಾವ ಹಚ್ಚುವ ದೀಪದ ಸಲುವಾಗಿ.

ಬೀರುವಿನಿಂದ ಫೋಟೋ ತೆಗೆದು, ಕಟ್ಟು ಹಾಕಿಸಿ, ಅವತ್ತೇ ಮೇಲೂರಿನ ಬಸ್ಸು ಹತ್ತಿದೆ. ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವಳ ಕೈಗೆ ಕೊಟ್ಟೆ. ಅವಳು ಗಾಜಿನ ಮೇಲೆ, ಬಾಯಿ ಇದ್ದ ಜಾಗವನ್ನು, ಸೆರಗಿನಿಂದ ಒರೆಸಿದಳು. ಅಭ್ಯಾಸ. ಆಮೇಲೆ ತನಗೇ ಗೊತ್ತಾಗಿ ಅಲ್ಲೇ ಸಾಲಿನ ಮಧ್ಯೆ ಕೂತುಬಿಟ್ಟಳು.

"ಇದನ್ನೂ ಆ ಮಕ್ಳ ಜೊತೆ ಹಾಕ್ತೀರಾಕ್ಕಾ, ಶಿಡ್ಲಘಟ್ಟದಲ್ಲಿ?" ಎಂದು ಕೇಳಿದಳು.

ಇಲ್ಲ ಎಂದೆ. ಷರತ್ತಿನ ಮಾತು ಬಿಟ್ಟರೂ ಅದು ಸರಿಯಲ್ಲ ಅನ್ನಿಸಿತ್ತು. "ಅವರನ್ನ ಕೊಂದಿದ್ದು ಒಂದು ಸರ್ಕಾರ, ಅದರ ಡಾಕ್ಟರುಗಳು. ಅದು ಬೇರೆ ಕಥೆ, ಅದನ್ನ ಅದಾಗೇ ಹೇಳ್ಬೇಕು. ನಿನ್ನ ಮಗಳನ್ನ ನೋಡ್ಬೇಕಾದೋರು ಅಲ್ಲಿಗೆ ಬರಲ್ಲ ಕಣಮ್ಮ. ಅವರು ನಿನ್ನ ಮನೇಲಿದಾರೆ."

ಅವಳು ತಲೆಯಾಡಿಸಿದಳು. ಕೊಯ್ದ ಸೊಪ್ಪಿನ ಹೊರೆಯೊಳಗೆ ಫೋಟೋ ಇಟ್ಟುಕೊಂಡು ಮನೆಗೆ ಹೋದಳು.

ಹಾಲ್ ಬೀಗ ತೆಗೆಯಲಿಲ್ಲ. ಬೆಂಗಳೂರಿನವರು ನನ್ನ ಮೇಲೆ ಮುನಿಸಿಕೊಂಡರು, ನ್ಯಾಯವೇ. ಹಲಗೆಗಳನ್ನು ಹೇರಿಕೊಂಡ ಗಾಡಿ ಶಿಡ್ಲಘಟ್ಟದ ಬೀದಿಯಲ್ಲಿ ನಿಂತಿದ್ದಾಗ, ಮಗಳನ್ನು ನಮ್ಮ ಶಾಲೆಗೆ ಕಳಿಸುವ ಒಬ್ಬ ರೀಲರ್ ಸಾಹೇಬರಿಗೆ ಫೋನು ಮಾಡಿದೆ. ಗೂಡು ಬೇಯಿಸಿ ನೂಲು ಬಿಚ್ಚುವ ಶೆಡ್ಡು ಅವರದು.

"ನಮ್ದು ಶೆಡ್ ಇದೆಯಲ್ಲ ಟೀಚರಮ್ಮಾ. ಒಂದು ದಿನ ಬಾಯ್ಲರ್ ಆರಿಸಿದ್ರೆ ಏನೂ ಮುಳುಗಿ ಹೋಗಲ್ಲ," ಎಂದರು. "ವಾಸನೆ ಒಂದಿರುತ್ತೆ ನೋಡಿ. ಅದು ಮಾತ್ರ ನನ್ ಕೈಲಿಲ್ಲ."

ಬೆಂದ ಹುಳುವಿನ ಆ ನಾತ ಗೊತ್ತಿದ್ದವರಿಗೆ ಗೊತ್ತು. ಬಟ್ಟೆಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಗೂಡು ಬೇಯಿಸುವ ಬೇಸಿನ್ನುಗಳ ಸಾಲಿನ ಮಧ್ಯೆ ಹಲಗೆಗಳನ್ನು ನಿಲ್ಲಿಸಿದೆವು. ದೀಪ ಹಚ್ಚಲಿಲ್ಲ, ಹಾರವಿಲ್ಲ, ಭಾಷಣವಿಲ್ಲ. ಜನ ಮೂಗಿಗೆ ಸೆರಗು ಹಿಡಿದುಕೊಂಡೇ ಬಂದರು, ಮಕ್ಕಳನ್ನು ಎತ್ತಿಕೊಂಡು, ಕುರ್ಚಿ ತಳ್ಳಿಕೊಂಡು. ಇಸ್ತ್ರಿ ಮಾಡಿದ ಪರದೆಗಳ ಆ ಆಸ್ಪತ್ರೆಯ ಫೋಟೋಗಳಿಗೆ ಈ ನಾತವೇ ಸರಿ ಅನ್ನಿಸಿತು ನನಗೆ. ಕಮಿಟಿಯ ಹಾಲ್‌ನಲ್ಲಾಗಿದ್ದರೆ ಅಗರಬತ್ತಿ ಹಚ್ಚಿರುತ್ತಿದ್ದರು.

ಮೇಲೂರಿನ ತಾಯಿ ಮಧ್ಯಾಹ್ನದ ಹೊತ್ತಿಗೆ ಒಬ್ಬಳೇ ಬಂದಳು. ಕತ್ತರಿಸಿದ ಫೋಟೋದ ಮುಂದೆ ನಿಂತಳು. ಓದಿ ಹೇಳಲೇ ಎಂದಾಗ, "ಬೇಡಕ್ಕಾ, ಇದು ಗೊತ್ತಾಗುತ್ತೆ," ಎಂದಳು.

ಸ್ವಲ್ಪ ದಿನ ಬಿಟ್ಟು ಆ ಕಡೆ ಹೋದಾಗ ಅವರ ಮನೆಗೆ ಹೋದೆ. ಜಗುಲಿಯಲ್ಲಿದ್ದ ಹಿರಿಯರು ನನ್ನನ್ನು ಕಂಡು ಪೇಪರು ಎತ್ತಿ ಮುಖಕ್ಕೆ ಹಿಡಿದುಕೊಂಡರು. ಕಾಫಿ ಬರಲಿಲ್ಲ. ಒಳಗೆ ರೇಷ್ಮೆ ಲಂಗದವಳು ಇರಲಿಲ್ಲ. ಅದೇ ಮೊಳೆಯಲ್ಲಿ ಜೊಲ್ಲುಬಟ್ಟೆ ಕಟ್ಟಿಕೊಂಡವಳು ಬಾಯಿ ತೆರೆದು ನಗುತ್ತಿದ್ದಳು. ಮಾವ ಎರಡು ಸಲ ಇಳಿಸಿದರಂತೆ, ತಾಯಿ ಎರಡು ಸಲ ಮತ್ತೆ ತೂಗುಹಾಕಿದಳಂತೆ. ಮೂರನೇ ಸಲಕ್ಕೆ, "ಇಳಿಸಿದ್ರೆ ಹುಳುಮನೆಗೆ ಕಾಲಿಡಲ್ಲ, ಸೊಪ್ಪು ನೀವೇ ಹಾಕ್ಕೊಳ್ಳಿ," ಎಂದಳಂತೆ. ಹುಳುಗಳು ಮೇಯುವ ಹೊತ್ತಾಗಿತ್ತು. ಅವರು ಇಳಿಸಲಿಲ್ಲ.

"ಈಗ ಮಂಚ ತಿರುಗಿಸಿ ಹಾಕ್ಕೊಂಡಿದಾರೆ ನೋಡಿ, ಎದ್ದ ತಕ್ಷಣ ಕಾಣ್ಬಾರ್ದು ಅಂತ," ಎಂದಳು. ಮಂಚದ ತಲೆದಿಂಬು ನಿಜವಾಗಿಯೂ ಆ ಕಡೆಯಿಂದ ಈ ಕಡೆಗೆ ಬಂದಿತ್ತು.

ಮುಂದಿನ ಸಲ ಹೋದಾಗ ಮಂಚ ಹಾಗೆಯೇ ಇತ್ತು. ಫೋಟೋ ಮಾತ್ರ ಎದುರು ಗೋಡೆಗೆ ಬಂದಿತ್ತು, ಎದ್ದ ತಕ್ಷಣ ಅವರಿಗೆ ಕಾಣುವ ಹಾಗೆ.